ನಮ್ಮಕ್ಕ ಎಂಬ ಪಂಕ್

ನಮ್ಮಕ್ಕನನ್ನು ಮೊದಲು ಪಂಕ್ ಎಂದು ಕರೆದವನು ಒಬ್ಬ ಪೊಲೀಸಿನವನು. ಅದಕ್ಕೂ ಮುಂಚೆ ಮನೆಯಲ್ಲಿ ಅವಳಿಗಿದ್ದ ಹೆಸರು ದರಿದ್ರ. ನಡುಬೀದಿಯಲ್ಲಿ ಹಾಡು ಅಂತ ಕಿರುಚುತ್ತಿದ್ದವಳನ್ನು ಅವನು ಹಿಡಿದು ತಂದು ಮನೆ ಬಾಗಿಲಲ್ಲಿ ನಿಲ್ಲಿಸಿ, "ನಿಮ್ಮ ಹುಡುಗಿ ಪಂಕ್ ಆಗಿದಾಳೆ, ಸ್ವಲ್ಪ ನೋಡ್ಕೊಳ್ಳಿ" ಎಂದಾಗ ಅಮ್ಮ ಅದು ಯಾವುದೋ ಕಾಯಿಲೆ ಅಂದುಕೊಂಡು ಗೋಡೆ ಹಿಡಿದುಕೊಂಡಳು. "ವಾಸಿ ಆಗತ್ತಾ?" ಎಂದು ಕೇಳಿದಳು. ಪೊಲೀಸಿನವನು ನಗಲಿಲ್ಲ. "ಕೆಲವರಿಗೆ ಆಗತ್ತಮ್ಮ" ಎಂದು ಹೇಳಿ ಹೊರಟುಹೋದ.

ಅಕ್ಕನಿಗೆ ವಾಸಿಯಾಗಲಿಲ್ಲ. ಈಗ ಅವಳಿಗೆ ಐವತ್ತು ದಾಟಿದೆ, ಮಂಡಿ ಹಿಡಿದುಕೊಂಡಿದೆ, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಲಾರಳು. ಆದರೂ ಆ ಒಂದು ಕಾಯಿಲೆ ಹಾಗೇ ಇದೆ. ಅದರ ಜೊತೆ ಬದುಕಿದವಳು ನಾನು. ಆದ್ದರಿಂದ ಪಂಕ್ ಅಂದರೆ ಏನು ಅಂತ ಈಗಿನ ಹುಡುಗರು ಟೀಶರ್ಟ್ ಮೇಲೆ ಬರೆಸಿಕೊಂಡು ಓಡಾಡುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆಗ ಅವಳಿಗೆ ಇಪ್ಪತ್ತರ ಆಸುಪಾಸು. ತಲೆಯ ಎರಡೂ ಪಕ್ಕ ಬೋಳಿಸಿ, ನಡುವೆ ಉಳಿದ ಕೂದಲಿಗೆ ಬಟ್ಟೆ ಸೋಪು ಹಚ್ಚಿ ನೆಟ್ಟಗೆ ನಿಲ್ಲಿಸುತ್ತಿದ್ದಳು. ಮಳೆ ಬಂದರೆ ಸೋಪು ಕರಗಿ ಕಣ್ಣಿಗಿಳಿದು, ದಾರಿಯುದ್ದಕ್ಕೂ ಕಣ್ಣೀರು ಸುರಿಸಿಕೊಂಡು ಬರುತ್ತಿದ್ದಳು. ಕಂಡವರು ಯಾರೋ ಕೈಕೊಟ್ಟಿರಬೇಕು ಪಾಪ ಅಂದುಕೊಳ್ಳುತ್ತಿದ್ದರು. ನನ್ನ ಹೊಲಿಗೆ ಡಬ್ಬಿಯ ಪಿನ್ನುಗಳೆಲ್ಲ ಒಂದೊಂದಾಗಿ ಮಾಯವಾಗಿ ಅಪ್ಪನ ಹಳೇ ಕೋಟಿನ ಮೇಲೆ ಪ್ರತ್ಯಕ್ಷವಾದವು. ಬೀದಿಯ ಮಕ್ಕಳು ಅವಳಿಗೆ ಮುಳ್ಳುಹಂದಿ ಎಂದು ಹೆಸರಿಟ್ಟರು. ಅದು ಅವಳಿಗೆ ಎಷ್ಟು ಹಿಡಿಸಿತೆಂದರೆ ಕೋಟಿನ ಬೆನ್ನಿಗೆ ತಾನೇ ಬಿಳಿ ಬಣ್ಣದಲ್ಲಿ ಬರೆದುಕೊಂಡಳು.

ಅವಳದೊಂದು ಬ್ಯಾಂಡ್ ಇತ್ತು, ಪಂಕ್ ಅನ್ನುವ ಒರಟು ಗದ್ದಲದ ಸಂಗೀತದ್ದು. ಮುಚ್ಚಿಹೋದ ಐಸ್ ಕಾರ್ಖಾನೆಯೊಂದರೊಳಗೆ ಅವರ ಅಭ್ಯಾಸ. ಗೋಡೆ ಮೊಳದಪ್ಪ ಇದ್ದದ್ದರಿಂದ ಒಳಗೆ ಏನು ಮಾಡಿದರೂ ಹೊರಗೆ ಕೇಳುತ್ತಿರಲಿಲ್ಲ. ಒಮ್ಮೆ ಹಾಡಿದ ಜಾಗಕ್ಕೆ ಮತ್ತೊಮ್ಮೆ ಯಾರೂ ಕರೆಯುತ್ತಿರಲಿಲ್ಲವಾದ್ದರಿಂದ ಪ್ರತಿ ಸಲವೂ ಬ್ಯಾಂಡಿಗೆ ಹೊಸ ಹೆಸರು ಇಟ್ಟುಕೊಂಡು ಹೋಗುತ್ತಿದ್ದರು. ಅವರದೊಂದು ವಿಚಿತ್ರ ನಿಯಮವಿತ್ತು: ಯಾರಿಗಾದರೂ ತಮ್ಮ ವಾದ್ಯ ಚೆನ್ನಾಗಿ ನುಡಿಸಲು ಬಂದುಬಿಟ್ಟರೆ ಅದನ್ನು ಬೇರೆಯವರಿಗೆ ಕೊಟ್ಟು ಗೊತ್ತಿಲ್ಲದ ವಾದ್ಯ ಹಿಡಿಯಬೇಕು. ಗೊತ್ತಿದ್ದದ್ದನ್ನೇ ಮಾಡಿ ಶಭಾಷ್ ಅನ್ನಿಸಿಕೊಳ್ಳುವುದು ಅವರ ಪ್ರಕಾರ ನಾಚಿಕೆಗೇಡು. ಅಕ್ಕ ಮಾತ್ರ ಕೊನೆಯವರೆಗೂ ಡ್ರಮ್ ಬಿಡಲಿಲ್ಲ, ಅದು ಅವಳಿಗೆ ಕೊನೆಯವರೆಗೂ ಬರಲಿಲ್ಲ.

ನಾನು ಒಂದೇ ಒಂದು ಸಲ ಹೋಗಿದ್ದೆ. ಅಟ್ಟದ ಮೇಲಿನ ಪಾತ್ರೆಯೆಲ್ಲ ಒಟ್ಟಿಗೆ ಉರುಳಿಬಿದ್ದ ಹಾಗಿತ್ತು. ಹಾಡುತ್ತಿದ್ದವನನ್ನು ಗೂಬೆ ಎನ್ನುತ್ತಿದ್ದರು, ಕಣ್ಣು ಹಾಗಿದ್ದವು. ಹಾಡು ಮುಗಿದ ಮೇಲೆ ಅವರದೊಂದು ಆಟ: ಸದ್ದು ಪೂರ್ತಿ ಏರಿಸಿದ ಸ್ಪೀಕರಿಗೆ ಕಿವಿ ಒತ್ತಿ ನಿಲ್ಲುವುದು, ಮೊದಲು ಕಿವಿ ತೆಗೆದವರು ಸೋತ ಹಾಗೆ. ಅಕ್ಕ ಯಾವತ್ತೂ ಸೋಲುತ್ತಿರಲಿಲ್ಲವಂತೆ. ನಾನು ಹೋದ ದಿನವೂ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಅದಕ್ಕೆ ಅಂಟಿಕೊಂಡು ನಿಂತಿದ್ದಳು. ಯಾರೋ ಫೋಟೋ ತೆಗೆದರು. ನನಗೆ ತಲೆನೋವು ಬಂದು ಮನೆಗೆ ಬಂದುಬಿಟ್ಟೆ. ಸದ್ದು ಅಂದರೆ ಅವತ್ತಿಂದಲೂ ನನಗೆ ಆಗುವುದಿಲ್ಲ. ನನ್ನ ಮನೆಯಲ್ಲಿ ರೇಡಿಯೋ ಕೂಡ ಪಿಸುಗುಟ್ಟಬೇಕು.

ಅಪ್ಪ ಹಾಸಿಗೆ ಹಿಡಿದ ಮೇಲೆ ಬ್ಯಾಂಡ್ ನಿಂತಿತು. ಗೂಬೆ ದೊಡ್ಡ ಬೀದಿಯಲ್ಲಿ ಬಟ್ಟೆ ಅಂಗಡಿ ಹಾಕಿದ. ಹೊಸ ಪ್ಯಾಂಟನ್ನು ಯಂತ್ರದಲ್ಲಿ ಹರಿದು, ಹರಿದದ್ದಕ್ಕೆ ಜಾಸ್ತಿ ದುಡ್ಡು ತೆಗೆದುಕೊಳ್ಳುವ ವ್ಯಾಪಾರ. ಅಕ್ಕ ಡಬ್ಬಿ ಕಾರ್ಖಾನೆಯ ಪ್ರೆಸ್ ವಿಭಾಗಕ್ಕೆ ಸೇರಿದಳು. ತಗಡಿನ ಹಾಳೆ ಒಳಗೆ ಹೋಗುತ್ತದೆ, ಮೇಲಿಂದ ಅಚ್ಚು ಬಂದು ಬಡಿಯುತ್ತದೆ, ಡಬ್ಬಿಯ ಮುಚ್ಚಳ ಆಚೆ ಬೀಳುತ್ತದೆ. ಆ ಮುಚ್ಚಳಗಳನ್ನು ಜೋಡಿಸಿ ಪೇರಿಸುವುದು ಹೆಂಗಸರ ಕೆಲಸ. ಕೂದಲು ಯಂತ್ರಕ್ಕೆ ಸಿಗಬಾರದೆಂದು ಟೋಪಿ ಕೊಟ್ಟರು, ಮುಳ್ಳುಹಂದಿಯ ಮುಳ್ಳು ಟೋಪಿಯೊಳಗೆ ಮಲಗಿಕೊಂಡಿತು. ಮದುವೆ ಮಾಡಿಕೊಳ್ಳಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನಮ್ಮ ಹಿಂದಿನ ಕೋಣೆಗೆ ಬಂದು ನನ್ನ ಜೊತೆ ನಿಂತಳು. ನನ್ನ ಮಗಳನ್ನು ಇಬ್ಬರೂ ಸೇರಿ ಬೆಳೆಸಿದೆವು. ನಾನು ಮನೆಯಲ್ಲೇ ಪರದೆ ಹೊಲಿಯುತ್ತಿದ್ದೆ.

ಕೂದಲು ಮಲಗಿತು ಅಂದೆನಲ್ಲ, ಅವಳು ಮಲಗಲಿಲ್ಲ. ಒಮ್ಮೆ ಹೊಸ ಮ್ಯಾನೇಜರ್ ಬಂದವನು ಹೆಂಗಸರು ಪಾಯಿಖಾನೆಯಲ್ಲಿ ಹೊತ್ತು ಕಳೆಯುತ್ತಾರೆಂದು ಅದಕ್ಕೆ ಬೀಗ ಹಾಕಿಸಿ, ಕೀಲಿ ತನ್ನ ಮೇಜಿನ ಮೇಲಿಟ್ಟುಕೊಂಡ. ಯಾರಿಗೆ ಹೋಗಬೇಕೋ ಅವರು ಬಂದು ಕೇಳಬೇಕು. ಅಕ್ಕ ಕೇಳಲು ಹೋಗಲಿಲ್ಲ. ಊಟದ ಬಿಡುವಿನಲ್ಲಿ ಸ್ಕ್ರೂ ಬಿಚ್ಚಿ ಬಾಗಿಲನ್ನೇ ಕಳಚಿ, ಹೊತ್ತುಕೊಂಡು ಹೋಗಿ ಅವನ ಮೇಜಿನ ಮೇಲೆ ಮಲಗಿಸಿ, "ಕೀಲಿ ನಿಮ್ಮತ್ರನೇ ಇದೆಯಲ್ಲ, ಇದೂ ಇಲ್ಲೇ ಇರ್ಲಿ" ಎಂದು ಬಂದಳು. ಬೀಗದ ಪದ್ಧತಿ ನಿಂತಿತು. ಆದರೆ ಬಾಗಿಲು ವಾಪಸು ಹಾಕಲು ಅವನು ತಿಂಗಳುಗಟ್ಟಲೆ ಸತಾಯಿಸಿದ. ಅಷ್ಟು ದಿನವೂ ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಬೆಡ್‌ಶೀಟ್ ಹಿಡಿದು ನಿಲ್ಲಬೇಕಾಯಿತು, ಹಿಡಿದವರೆಲ್ಲ ನಮ್ಮಕ್ಕನಿಗೆ ಹಿಡಿಶಾಪ ಹಾಕಿದರು. ಅಕ್ಕ ಎಲ್ಲರಿಗಿಂತ ಹೆಚ್ಚು ಸಲ ಬೆಡ್‌ಶೀಟ್ ಹಿಡಿದಳು.

ಮಗಳು ಓದು ಮುಗಿಸಿ ಅದೇ ಪ್ರೆಸ್ ವಿಭಾಗಕ್ಕೆ ಸೇರಿದಳು. ಬೇರೆ ಎಲ್ಲಿ ಸೇರಬೇಕಿತ್ತು? ನಮ್ಮಲ್ಲಿ ಹೆಂಗಸರಿಗೆ ಇದ್ದದ್ದು ಅದೊಂದೇ ಕೆಲಸ. ಬೇಗ ಕಲಿತಳು ಎಂದು ಅಕ್ಕ ಹೊಗಳಿದಳು. ಅವಳು ಕಲಿತದ್ದು ಮುಚ್ಚಳ ಪೇರಿಸುವುದನ್ನಲ್ಲ, ಅದನ್ನು ಕತ್ತೆಯೂ ಕಲಿಯುತ್ತದೆ. ಕಲಿತದ್ದು ಅಲ್ಲಿನ ಮಾತನ್ನು. ಪ್ರೆಸ್ಸುಗಳ ನಡುವೆ ಪಕ್ಕದವಳು ಕಿವಿಯಲ್ಲಿ ಕೂಗಿದರೂ ಕೇಳುವುದಿಲ್ಲ. ಆದ್ದರಿಂದ ಅಲ್ಲಿಯ ಹೆಂಗಸರು ಬರೀ ತುಟಿ ಆಡಿಸಿ, ಹುಬ್ಬು ಕುಣಿಸಿ, ಕೈ ತಿರುಗಿಸಿ ದಿನವಿಡೀ ಹರಟೆ ಹೊಡೆಯುತ್ತಾರೆ. ಮ್ಯಾನೇಜರನಿಗೆ ಹೊಟ್ಟೆಯ ಸನ್ನೆ, ಮೇಸ್ತ್ರಿಗೆ ಮೂಗು ಒರೆಸುವ ಸನ್ನೆ. ಯಾರ ಗಂಡ ಏನು ಮಾಡಿದ, ಯಾರ ಅತ್ತೆ ಏನಂದಳು ಎಲ್ಲವೂ ಆ ಗದ್ದಲದ ನಡುವೆ ಗುಟ್ಟಾಗಿ ಸಾಗುತ್ತಿತ್ತು. ಹೊಸಬರು ಒಂದು ವಾರದಲ್ಲಿ ಅದನ್ನು ಕಲಿತುಬಿಡುತ್ತಿದ್ದರು. ನಮಗೆ ಅಭ್ಯಾಸ ಆಗಿಹೋಗಿದೆ, ಆ ಗದ್ದಲದಲ್ಲೂ ನಮಗೆಲ್ಲ ಕೇಳತ್ತೆ ಎಂದು ಜಂಬ ಕೊಚ್ಚುತ್ತಿದ್ದರು.

ಮನೆಯಲ್ಲಿ ನಾನು ಮಾತಾಡುವಾಗ ಅಕ್ಕ ಕೆಲಸ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಪ್ರೀತಿಯೆಂದುಕೊಂಡಿದ್ದೆ. ಬರಬರುತ್ತ ಮಗಳೂ ಹಾಗೆ ನೋಡತೊಡಗಿದಳು. ಪರವಾಗಿಲ್ಲ, ತಾಯಿಯ ಮಾತಿಗೆ ಬೆಲೆ ಕೊಡುತ್ತಾಳೆ ಎಂದುಕೊಂಡೆ. ನೋಡಿ ನನ್ನ ಬುದ್ಧಿ.

ಗೊತ್ತಾದದ್ದು ಒಂದು ಮಧ್ಯಾಹ್ನ. ಊಟದ ಬಿಡುವಿನಲ್ಲಿ ಎಲ್ಲರೂ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತಿದ್ದರಂತೆ. ಕಿಟಕಿಯಿಲ್ಲದ ಕೋಣೆ. ಕರೆಂಟು ಹೋಯಿತು. ಪ್ರೆಸ್ಸುಗಳೂ ನಿಂತು ಇಡೀ ಕಾರ್ಖಾನೆ ತಣ್ಣಗಾಯಿತು. ಮಾತು ಅರ್ಧಕ್ಕೆ ನಿಂತಿತ್ತಲ್ಲ, ಮುಂದುವರಿಸಿದರು. ಒಬ್ಬಳು ಏನೋ ಅಂದಳು. ಇನ್ನೊಬ್ಬಳು "ಏನು?" ಅಂದಳು. ಅದಕ್ಕೆ ಮತ್ತೊಬ್ಬಳು "ಏನಂದೆ?" ಅಂದಳು. ಎಲ್ಲರೂ "ಏನು, ಏನು" ಎಂದು ಕೂಗತೊಡಗಿದರು. ಸದ್ದೇ ಇಲ್ಲದ ಆ ಕತ್ತಲೆಯಲ್ಲಿ ಒಬ್ಬಳಿಗೂ ಇನ್ನೊಬ್ಬಳ ಮಾತು ತಿಳಿಯುತ್ತಿರಲಿಲ್ಲ. ದೀಪ ಬಂದಾಗ ಒಬ್ಬರ ಬಾಯಿ ಒಬ್ಬರು ನೋಡುತ್ತ ಕೂತಿದ್ದರಂತೆ. ಒಂದಿಬ್ಬರು ನಕ್ಕರು. ಮಗು ಹುಟ್ಟಿ ವರ್ಷವಾಗಿರದ ಬಾಣಂತಿಯೊಬ್ಬಳಿದ್ದಳು, ಅವಳು ಅತ್ತಳು. ಮಗು ಅತ್ತರೂ ಏಳುವುದಿಲ್ಲ, ಕಲ್ಲು ಮನಸ್ಸು ಎಂದು ಅವಳ ಗಂಡ ದಿನಾ ಬೈಯುತ್ತಿದ್ದನಂತೆ.

ಅವತ್ತು ಸಂಜೆ ನಾನು ಮಗಳ ಬೆನ್ನ ಹಿಂದೆ ನಿಂತು ಅವಳನ್ನು ಕರೆದೆ. ಮೆಲ್ಲಗೆ ಕರೆದೆ, ಆಮೇಲೆ ಸ್ವಲ್ಪ ಜೋರಾಗಿ. ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಸುಲಿಯುತ್ತಲೇ ಇದ್ದಳು. ಇನ್ನೂ ಜೋರಾಗಿ ಕರೆದಾಗ ತಿರುಗಿ, "ಯಾಕಮ್ಮ ಕಿರುಚ್ತೀಯ?" ಎಂದು ನಕ್ಕಳು. ಅಷ್ಟು ಹೊತ್ತಿಗೆ ಕಿರುಚುವಷ್ಟೇ ಆಗಿತ್ತು. ಕಿರುಚಿದ್ದಾದರೂ ಕೇಳಿತಲ್ಲ, ಪೂರ್ತಿ ಹೋಗಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅಕ್ಕ ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟಳು. ಅವಳು ಕೇಳಿದ್ದು ಇಷ್ಟೇ: ಪ್ರೆಸ್ಸುಗಳಿಗೆ ಸದ್ದು ತಡೆಯುವ ಕವಚ ಹಾಕಿಸಬೇಕು. ಅಂಥ ಪೆಟ್ಟಿಗೆ ಇರುತ್ತದಂತೆ, ಒಳಗೆ ದಪ್ಪ ಮೆತ್ತೆ ಹಾಕಿ ಯಂತ್ರವನ್ನು ಮುಚ್ಚುವಂಥದ್ದು. ಹಾಕಿದರೆ ಪ್ರೆಸ್ಸು ನಿಧಾನವಾಗುತ್ತದೆ, ಮುಚ್ಚಳ ಕಮ್ಮಿಯಾಗುತ್ತದೆ. ಕಿವಿಗಿಟ್ಟುಕೊಳ್ಳಲು ಹತ್ತಿ ಕೊಟ್ಟಿದ್ದೀವಲ್ಲ ಎಂದಿತು ಕಂಪನಿ. ಅಧಿಕಾರಿಯ ಕಡೆಯವರು ಸದ್ದು ಅಳೆಯಲು ಬಂದ ದಿನ ಕಂಪನಿಯವರು ಅರ್ಧ ಪ್ರೆಸ್ಸುಗಳನ್ನು ನಿಲ್ಲಿಸಿ ಉಳಿದವನ್ನು ಆಮೆಯ ಹಾಗೆ ಓಡಿಸಿದರು. ದೂರಿನಲ್ಲಿ ಹೆಸರಿದ್ದದ್ದು ಅಕ್ಕನದೊಂದೇ. ಉಳಿದವರು ಹಿಂದೆ ನಿಂತು ಬೆನ್ನು ತಟ್ಟಿದರು. ಬಾಗಿಲು ಹೊತ್ತವಳು ಇದನ್ನೂ ಹೊರಲಿ ಎಂದು.

ಮಗಳನ್ನು ಬಿಡಿಸಿಬಿಡೋಣ ಎಂದು ನಾನು ಹಟ ಹಿಡಿದೆ. ಅವಳು ಒಪ್ಪಲಿಲ್ಲ. "ದೊಡ್ಡಮ್ಮ ಅಲ್ಲೇ ಇರುವಾಗ ನಾನು ಬಿಟ್ಟು ಬರಲಾ? ನಾನು ಬಿಟ್ರೆ ಆ ಜಾಗಕ್ಕೆ ಇನ್ನೊಬ್ಬಳು ಬರ್ತಾಳೆ, ಅವಳಿಗೆ ಕಿವಿ ಇಲ್ವಾ?" ಎಂದಳು. ಯಾರ ಮಾತು ಅದು ಎಂದು ಕೇಳಬೇಕಾಗಿರಲಿಲ್ಲ. ಹಿಂದಿನ ಕೋಣೆಯಿಂದ ಆ ಕಾಯಿಲೆ ಮಗಳಿಗೂ ಹರಡಿತ್ತು.

ಅದೇ ಸಮಯಕ್ಕೆ ಗೂಬೆ ಬಂದ. ಹೊಟ್ಟೆ ಬಂದಿತ್ತು, ಕಿವಿಯಲ್ಲಿ ಓಲೆ. ಆ ಕಾಲದ ಪಂಕ್ ಜೀವನದ ಬಗ್ಗೆ ತನ್ನ ಅಂಗಡಿಯ ಮಹಡಿಯಲ್ಲಿ ಒಂದು ಪ್ರದರ್ಶನ ಮಾಡುತ್ತಿದ್ದೇನೆ, ಅಕ್ಕನ ಕೋಟು ಬೇಕು ಎಂದ. ಅಕ್ಕ ಟ್ರಂಕಿನಿಂದ ತೆಗೆದು ಎಸೆದಳು.

"ಇಷ್ಟು ಸುಲಭವಾಗಿ ಕೊಟ್ಬಿಟ್ಯಾ?" ಅವನಿಗೇ ಆಶ್ಚರ್ಯ. "ಇದು ನಮ್ಮ ಇತಿಹಾಸ ಕಣೇ."

"ಅಪ್ಪನ ಕೋಟು ಅದು. ಬೆನ್ನಲ್ಲಿ ತೂತಾಗಿದೆ, ಚಳಿಗೆ ಬರಲ್ಲ" ಎಂದಳು ಅಕ್ಕ.

ನಾನೂ ಮಗಳೂ ನೋಡಿಬಂದೆವು. ಕೋಟು ಗಾಜಿನ ಪೆಟ್ಟಿಗೆಯಲ್ಲಿತ್ತು. ಗೋಡೆಯ ಮೇಲೆ ಆಳೆತ್ತರದ ಫೋಟೋ: ಸ್ಪೀಕರಿಗೆ ಕಿವಿ ಒತ್ತಿ, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ನಿಂತ ನಮ್ಮಕ್ಕ. ಹುಡುಗ ಹುಡುಗಿಯರು ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದರು. "ದೊಡ್ಡಮ್ಮ ಎಷ್ಟು ಚೆನ್ನಾಗಿದ್ರು" ಎಂದಳು ಮಗಳು. ನಿಜ ಹೇಳಬೇಕೆಂದರೆ ನನಗೂ ಹೆಮ್ಮೆಯಾಯಿತು.

ಆ ಫೋಟೋವನ್ನು ನೋಡಿದವರು ನಾವಷ್ಟೇ ಅಲ್ಲ. ವಿಚಾರಣೆಯ ದಿನ ಕಂಪನಿಯ ಡಾಕ್ಟರು ಅದರದೇ ಒಂದು ಪ್ರತಿಯನ್ನು ಅಧಿಕಾರಿಯ ಮೇಜಿನ ಮೇಲೆ ಇಟ್ಟರು. ಅಧಿಕಾರಿ ಒಬ್ಬರು ಹೆಂಗಸು, ಸದಾ ನಿದ್ದೆಗೆಟ್ಟ ಮುಖ. ಡಾಕ್ಟರು ಕೆಟ್ಟವರೇನಲ್ಲ, ತುಂಬ ಮೃದುವಾಗಿ ಮಾತಾಡುತ್ತಿದ್ದರು. "ಮೇಡಂ, ಇವರ ಕಿವಿ ಹೋಗಿರೋದು ನಿಜ. ಆದ್ರೆ ಕಂಪನಿಗೆ ಬರೋಕೆ ಮುಂಚೇನೇ ಇವರಾಗೇ ಹಾಳು ಮಾಡ್ಕೊಂಡಿದಾರೆ. ಇದನ್ನ ಪಂಕ್ ಅಂತಾರೆ. ತಲೆ ಕೆಟ್ಟ ವಯಸ್ಸು, ತಪ್ಪು ಅನ್ನಲ್ಲ. ಆದ್ರೆ ಅದಕ್ಕೆ ನಮ್ಮ ಪ್ರೆಸ್ಸು ಹೊಣೆಯಲ್ಲ."

"ಇದು ನೀವೇನಾ?" ಎಂದು ಮೇಡಂ ಕೇಳಿದರು.

ಫೋಟೋದಲ್ಲಿ ಅರ್ಧ ಮುಖಕ್ಕೆ ಸ್ಪೀಕರಿನ ನೆರಳು ಬಿದ್ದಿತ್ತು. ಅಕ್ಕ ಬಾಯಿ ತೆರೆಯುವ ಮುಂಚೆಯೇ ನಾನು ಹಿಂದಿನಿಂದ ಅವಳ ತೋಳು ಹಿಡಿದು ಎಳೆದೆ. ಉತ್ತರ ಹೇಳಲು ಸಮಯ ಬೇಕು ಎಂದು ನಾನೇ ಕೇಳಿದೆ. ಮೇಡಂ ಮುಂದಿನ ವಾರಕ್ಕೆ ಹಾಕಿದರು.

ಅವತ್ತೇ ಎಲ್ಲರೂ ನಮ್ಮ ಅಡುಗೆಮನೆಯಲ್ಲಿ ಸೇರಿದರು. ಬಾಣಂತಿ ಮಗುವನ್ನು ಎತ್ತಿಕೊಂಡು ಬಂದಳು, ಇನ್ನೊಂದಿಬ್ಬರು ಹೆಂಗಸರು. ಗೂಬೆಯೂ ಬಂದ, ಮುಖ ಸಣ್ಣದು ಮಾಡಿಕೊಂಡು. "ನಂದೇ ತಪ್ಪು. ನಾನೇ ಬಂದು ಹೇಳ್ತೀನಿ, ಅದು ಬೇರೆ ಹುಡುಗಿ, ಯಾವಾಗ್ಲೋ ಸತ್ತುಹೋದ್ಲು ಅಂತ. ಕೋಟು ಎರವಲು ತಗೊಂಡಿದ್ಲು ಅಂದ್ರಾಯ್ತು. ಅಂಗಡಿಯವನು ಅಂತ ನನ್ನ ಮಾತು ನಂಬ್ತಾರೆ."

ನನಗೆ ಹೋದ ಜೀವ ಬಂದ ಹಾಗಾಯಿತು. ಚಹಾಕ್ಕೆ ಸಕ್ಕರೆ ಎರಡೆರಡು ಸಲ ಹಾಕಿದೆ.

"ಬೇಡ" ಎಂದಳು ಅಕ್ಕ.

"ಲೇ, ಅವರು ನಮಗೆ ನಿಜ ಹೇಳಿದಾರಾ? ಅರ್ಧ ಪ್ರೆಸ್ಸು ನಿಲ್ಸಿ ಅಳತೆ ಕೊಟ್ರಲ್ಲ" ಎಂದ ಗೂಬೆ. "ಕಾನೂನಿಗೆ ಕ್ಯಾರೇ ಅನ್ನದೇ ಇರೋದೇ ಪಂಕ್ ಅಲ್ವೇನೇ?"

"ಅದು ನಿನ್ನ ಅಂಗಡೀಲಿ ಮಾರೋ ಪಂಕ್."

"ಮತ್ತೆ ನಿಂದೇನು?" ನನಗೆ ತಡೆಯಲಾಗಲಿಲ್ಲ. "ಹೇಳು, ನಿಂದೇನು?"

ಅಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದಳು. "ನಂಗೊತ್ತಿಲ್ಲ ಕಣೇ" ಎಂದಳು. "ಅಪ್ಪ ದರಿದ್ರ ಅಂದ. ಆ ಡಾಕ್ಟ್ರು ತಲೆ ಕೆಟ್ಟೋಳು ಅಂದ. ಈಗ ನೀವೆಲ್ಲ ಸೇರ್ಕೊಂಡು ಏನೂ ಅರಿಯದ ಪಾಪದೋಳು ಆಗು ಅಂತೀರ. ಯಾರು ಹೇಳಿದ್ದೂ ನಾನು ಆಗ್ಲಿಲ್ಲ, ಇದೂ ಆಗಲ್ಲ. ಆ ಫೋಟೋದಲ್ಲಿರೋಳು ನಾನೇ. ಎಷ್ಟು ಖುಷಿಯಾಗಿದ್ದೆ ಗೊತ್ತಾ ಅವತ್ತು? ಅವಳನ್ನ ಸತ್ತೋದ್ಲು ಅಂತ ನನ್ನ ಬಾಯಲ್ಲಿ ಹೇಳಿಸ್ತೀರಾ? ಅದೂ ಹೋಗ್ಲಿ. ಈ ಒಂದು ಸುಳ್ಳು ಸಿಕ್ಕಿಬಿದ್ರೆ ಆಮೇಲೆ ನಮ್ಮಲ್ಲಿ ಯಾರು ಕಿವಿ ಕೇಳಲ್ಲ ಅಂದ್ರೂ ಸುಳ್ಳು ಅಂತಾರೆ."

"ನಿನ್ನ ಪಂಕ್ ಹಾಳಾಗಿ ಹೋಗ್ಲಿ!" ನಾನು ಲೋಟ ಕುಕ್ಕಿದೆ. "ನಿಂಗೆ ಮಕ್ಕಳಿಲ್ಲ, ಮರಿಯಿಲ್ಲ. ನನ್ನ ಮಗಳ ಕಿವಿ ಉಳೀಬೇಕೋ ಬೇಡ್ವೋ?"

ಆಡಬಾರದ ಮಾತು. ಆಡಿದೆ. ಬಾಣಂತಿಯ ಮಗು ಬೆಚ್ಚಿ ಅಳಲು ಶುರುಮಾಡಿತು. ಅದರ ಬಾಯಿ ಅವಳ ಹೆಗಲ ಹಿಂದಿತ್ತು. ನಾನು ಕೈ ತೋರಿಸುವವರೆಗೂ ಅವಳು ತಿರುಗಿ ನೋಡಲಿಲ್ಲ. ಅಕ್ಕ ಎದ್ದು ತನ್ನ ಕೋಣೆಗೆ ಹೋದಳು, ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು.

ಮುಂದಿನ ವಾರ ಅವಳು ಅಧಿಕಾರಿಯ ಮುಂದೆ ನಿಂತು, "ಇದು ನಾನೇ ಮೇಡಂ" ಎಂದಳು. "ನನ್ನ ಕಿವಿ ಎಷ್ಟು ಸ್ಪೀಕರಿಂದ ಹೋಯ್ತೋ, ಎಷ್ಟು ಪ್ರೆಸ್ಸಿಂದ ಹೋಯ್ತೋ ನಂಗೆ ಗೊತ್ತಿಲ್ಲ. ಒಂದನ್ನ ನಾನು ಬೇಕು ಅಂತ ಮಾಡ್ಕೊಂಡಿದ್ದು. ಇನ್ನೊಂದನ್ನ ಯಾರೂ ನನ್ನ ಕೇಳಿ ಮಾಡಿಲ್ಲ. ನನ್ನ ಕಿವೀನ ಲೆಕ್ಕದಿಂದ ತೆಗೆದುಬಿಡಿ. ಪ್ರೆಸ್ಸನ್ನ ನೋಡಿ."

ಡಾಕ್ಟರು ಹಿಂದಕ್ಕೆ ಒರಗಿಕೊಂಡರು. ಅವರ ಕೆಲಸ ಮುಗಿದಿತ್ತು. ಮೇಡಂ ಪೆನ್ನು ಕೆಳಗಿಟ್ಟರು. ಆಮೇಲೆ, "ನಿಮ್ಮನ್ನ ತೆಗೆದ್ರೆ ದೂರೇ ಉಳಿಯಲ್ಲಮ್ಮ. ಬೇರೆ ಕಾರಣವೇ ಇಲ್ಲದೆ, ಬರೀ ಇಲ್ಲಿ ಕೆಲಸ ಮಾಡಿ ಕಿವಿ ಕಳ್ಕೊಂಡವರು ಒಬ್ಬರು ಬೇಕು. ಒಬ್ಬರು ಸಾಕು. ಪರೀಕ್ಷೆ ಮಾಡಿಸ್ತೀನಿ, ಹೌದು ಅಂತ ಬಂದ್ರೆ ಕವಚ ಹಾಕಿ ಅಂತ ಅವತ್ತೇ ಆದೇಶ ಬರೀತೀನಿ" ಎಂದರು.

ಹಿಂದಿನ ಬೆಂಚಿನಲ್ಲಿ ಪ್ರೆಸ್ ವಿಭಾಗದ ಹೆಂಗಸರೆಲ್ಲ ಕೂತಿದ್ದರು. ಬಾಣಂತಿಗೆ ಚಿಕ್ಕಂದಿನಲ್ಲೇ ಕಿವಿ ಸೋರುತ್ತಿತ್ತು, ಅವಳದು ನಡೆಯುವುದಿಲ್ಲ. ಒಬ್ಬಳು ಮೊದಲು ಕಲ್ಲು ಒಡೆಯುವ ಕಡೆ ಇದ್ದವಳು. ಉಳಿದವರು ನೆಲ ನೋಡತೊಡಗಿದರು. ನಾನು ಅವರನ್ನು ಬೈಯುವುದಿಲ್ಲ. ಹೆಸರು ಕೊಟ್ಟವಳಿಗೆ ನಾಳೆ ಕೆಲಸವಿರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆಗ ನನ್ನ ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು. ಮಗಳು ಎದ್ದು ನಿಂತಿದ್ದಳು.

"ನಮ್ಮನೇಲಿ ರೇಡಿಯೋನೂ ಹಾಕಲ್ಲ ಮೇಡಂ. ಅಮ್ಮಂಗೆ ಸದ್ದು ಆಗಲ್ಲ" ಎಂದಳು. "ಸ್ಕೂಲಲ್ಲಿ ಪರೀಕ್ಷೆ ಮಾಡಿದಾಗ ಕಿವಿ ಚೆನ್ನಾಗೇ ಇತ್ತು."

ಕವಚ ಬಂತು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಕೊನೆಯಲ್ಲಿ ಹೇಳುವ ಮನಸ್ಸು ನನಗಿರುವುದಿಲ್ಲ. ಎಲ್ಲ ಪ್ರೆಸ್ಸುಗಳಿಗೂ ಹಾಕಿದರು. ಈಗ ಹೊಸದಾಗಿ ಸೇರುವ ಹುಡುಗಿಯರು ಅಲ್ಲಿ ಬಾಯಿಬಿಟ್ಟು ಮಾತಾಡುತ್ತಾರಂತೆ, ತುಟಿ ಓದುವುದು ಅವರಿಗೆ ಬರುವುದಿಲ್ಲ. ಅಕ್ಕನಿಗೆ ಏನೂ ಸಿಗಲಿಲ್ಲ. ಯಾವುದೋ ನೆಪ ತೆಗೆದು ಅವಳನ್ನು ಮನೆಗೆ ಕಳಿಸಿದರು, ಮಗಳನ್ನೂ ಕಳಿಸಿದರು. ಈಗ ಮೂವರೂ ಪರದೆ ಹೊಲಿಯುತ್ತೇವೆ. ಗೂಬೆ ಅಕ್ಕನ ಆ ಫೋಟೋವನ್ನು ಟೀಶರ್ಟ್ ಮೇಲೆ ಅಚ್ಚು ಹಾಕಿಸಿದ್ದಾನೆ, ಚೆನ್ನಾಗಿ ಹೋಗುತ್ತಿದೆಯಂತೆ. ಒಂದನ್ನು ಅವಳಿಗೂ ಕೊಟ್ಟ. ನೆಲ ಒರೆಸಲು ಇಟ್ಟುಕೊಂಡಿದ್ದಾಳೆ.

ಪರೀಕ್ಷೆ ನಡೆದದ್ದು ಒಂದು ಆಸ್ಪತ್ರೆಯಲ್ಲಿ. ಸದ್ದು ಕೇಳಿಸಿದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು ಎಂದು ಮೊದಲೇ ಹೇಳಿದ್ದರು. ಆ ಬೆಳಿಗ್ಗೆ ಮಗಳ ತಲೆ ಬಾಚುವಾಗ ಅವಳನ್ನು ಕನ್ನಡಿಯ ಕಡೆ ತಿರುಗಿಸಿ, ನನ್ನ ತುಟಿ ಕಾಣುವ ಹಾಗೆ ನಿಂತು ಹೇಳಿದೆ: "ಕೇಳಿದ್ರೂ ಗುಂಡಿ ಒತ್ತಬೇಡ. ನಿಂಗೆ ಇನ್ನೂ ಚೆನ್ನಾಗಿ ಕೇಳತ್ತೆ, ನಂಗೊತ್ತು. ನಾಲ್ಕು ಸಲ ಸುಮ್ನಿದ್ದುಬಿಡು. ಕವಚ ಬರತ್ತೆ, ನಿನ್ನ ಕಿವೀನೂ ಉಳಿಯತ್ತೆ." ಅವಳು ಜಡೆ ಹಿಂದಕ್ಕೆ ಹಾಕಿಕೊಂಡು ಎದ್ದಳು. ಹೊಸಿಲು ದಾಟುವಾಗ ಅಕ್ಕ ಅವಳ ಗಲ್ಲ ಹಿಡಿದು ಮುಖ ಎತ್ತಿ, "ಕೇಳಿದ್ದಕ್ಕೆಲ್ಲ ಒತ್ತು. ಕೇಳದೇ ಇದ್ದಿದ್ದಕ್ಕೆ ಒತ್ತಬೇಡ. ಅಷ್ಟೇ" ಎಂದಳು. ಅವಳನ್ನು ಕೊಂದುಹಾಕುವಷ್ಟು ಸಿಟ್ಟು ಬಂತು ನನಗೆ.

ಗಾಜಿನ ಕಿಟಕಿಯ ಪುಟ್ಟ ಕೋಣೆ. ಮಗಳನ್ನು ಒಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟರು. ಆಮೇಲೆ ತಕರಾರು ಬರಬಾರದೆಂದು ಮೇಡಂ ಹೊರಗೆ ಇನ್ನೂ ಎರಡು ಹೆಡ್‌ಫೋನ್ ಹಾಕಿಸಿದ್ದರು, ಒಳಗೆ ಕೇಳುವ ಸದ್ದೇ ಅವುಗಳಲ್ಲೂ. ಒಂದು ಡಾಕ್ಟರಿಗೆ, ಇನ್ನೊಂದು ನಮ್ಮ ಕಡೆಯವರೆಂದು ನನಗೆ. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅವಳಿಗೆ ಹೆಡ್‌ಫೋನ್ ಕೊಟ್ಟು ಪ್ರಯೋಜನವಿರಲಿಲ್ಲ.

ಮೊದಲು ದಪ್ಪ ಸದ್ದುಗಳು ಬಂದವು, ದೂರದಲ್ಲಿ ಲಾರಿ ನಿಂತು ಗುಂಯ್‌ಗುಡುವ ಹಾಗೆ. ನನಗೆ ಕೇಳಿತು, ಒಳಗೆ ಮಗಳು ಒತ್ತಿದಳು. ಮತ್ತೊಂದು, ಒತ್ತಿದಳು. ಒತ್ತಬೇಡ ಕಣೇ ಎಂದು ಮನಸ್ಸಿನಲ್ಲೇ ಗದರಿದೆ. ಆದರೂ ನೋಡಿ, ಪ್ರತಿ ಸಲ ಅವಳ ಬೆರಳು ಅಲುಗಿದಾಗ ಎದೆಯೊಳಗೆ ಎಲ್ಲೋ ತಣ್ಣಗಾಗುತ್ತಿತ್ತು. ಕೇಳುತ್ತದೆ, ನನ್ನ ಮಗಳಿಗೆ ಕೇಳುತ್ತದೆ.

ಆಮೇಲೆ ಸದ್ದು ತೆಳ್ಳಗಾಯಿತು. ಹಕ್ಕಿಮರಿಯ ಕೊರಳಿನಷ್ಟು ಸಣ್ಣದು, ಆದರೆ ಸ್ಪಷ್ಟ. ಮಗಳು ಸುಮ್ಮನಿದ್ದಳು. ಇನ್ನೊಂದು ಬಂತು. ಸುಮ್ಮನಿದ್ದಳು. ಭೇಷ್ ಎಂದುಕೊಂಡೆ. ಕೊನೆಗೂ ತಾಯಿಯ ಮಾತು ಕೇಳಿದಳಲ್ಲ, ಎಷ್ಟು ಜಾಣೆ, ಮೊದಲೊಂದಿಷ್ಟು ಒತ್ತಿ ನಂಬಿಸಿ ಈಗ ನಿಲ್ಲಿಸಿದ್ದಾಳೆ, ಮುಖದಲ್ಲಿ ಒಂದಿಷ್ಟೂ ಕಳ್ಳತನ ಕಾಣುತ್ತಿಲ್ಲ. ಡಾಕ್ಟರು ಕಣ್ಣು ಕಿರಿದು ಮಾಡಿ ಅವಳನ್ನೇ ನೋಡುತ್ತಿದ್ದರು. ಸದ್ದು ಇನ್ನಷ್ಟು ಜೋರಾಯಿತು, ನನ್ನ ತಲೆಯೊಳಗೆ ಸೂಜಿ ಚುಚ್ಚಿದ ಹಾಗೆ ಸಿಳ್ಳೆ ಹೊಡೆಯುತ್ತಿತ್ತು. ಅವಳು ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಗಾಜಿನಾಚೆಯಿಂದ ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿದಳು. ಆಮೇಲೆ ಹೆಡ್‌ಫೋನನ್ನು ಒಂದು ಕಡೆ ಸರಿಸಿ, ಎದ್ದು ಬಾಗಿಲು ತೆರೆದಳು.

"ಯಾಕಮ್ಮ, ನಿಲ್ಲಿಸಿಬಿಟ್ರಾ?" ಎಂದು ಕೇಳಿದಳು.

ನನ್ನ ಹೆಡ್‌ಫೋನಿನಲ್ಲಿ ಆ ಸಿಳ್ಳೆ ಇನ್ನೂ ಹೊಡೆಯುತ್ತಲೇ ಇತ್ತು. ಡಾಕ್ಟರು ತಮ್ಮದನ್ನು ಮೆಲ್ಲಗೆ ಕಳಚಿ ಮೇಜಿನ ಮೇಲಿಟ್ಟರು. ಮೇಡಂ ಪೆನ್ನು ತೆಗೆದುಕೊಂಡರು.